ಉಪ್ಪು ತಿಂದ ಇಂಜಿನ್

ಮೇಲಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಎಣ್ಣೆಮಸಿ ಹಿಡಿದು ಕಪ್ಪುಗಂದು ಬಣ್ಣಕ್ಕೆ ತಿರುಗಿತ್ತು. ಕೆಳಗಿನದು ಮಾತ್ರ ಈಗಷ್ಟೇ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಲೋಟದ ಹಾಗೆ ಹೊಳೆಯುತ್ತಿತ್ತು. ಎಣ್ಣೆ ಬೆರೆಸಿದ ಪೆಟ್ರೋಲ್ ಕುಡಿಯುವ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಅಂಥ ಹೊಳಪು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಒಳಗೆ ಎಲ್ಲೋ ನೀರು ಹನಿಯುತ್ತಿದೆ, ಅದು ಉಗಿಯಾಗಿ ಮಸಿಯನ್ನು ತೊಳೆದು ಹಾಕುತ್ತಿದೆ ಎಂದು ಅದರ ಅರ್ಥ.

ಇಂಜಿನ್‌ನ ಮಾಲೀಕರು ಕಾರವಾರ ತಾಲೂಕಿನ ಮಾಜಾಳಿಯವರು. ಸಾಳ್ ನದಿ ಕಡಲು ಸೇರುವ ದಕ್ಷಿಣ ಗೋವಾದ ಬೇತುಲ್‌ನಿಂದ ದೋಣಿ ಬಿಡುತ್ತಾರೆ. ಇಪ್ಪತ್ತು ವರ್ಷ ದಾಟಿದ, ಎರಡು ಸಿಲಿಂಡರಿನ, 40 ಅಶ್ವಶಕ್ತಿಯ ಔಟ್‌ಬೋರ್ಡ್ ಅದು, ಅಂದರೆ ದೋಣಿಯ ಹಿಂಬದಿಗೆ ಹೊರಗೆ ತೂಗುಹಾಕುವ ಮೋಟಾರು. ಮೀನುಗಾರರ ಬಾಯಲ್ಲಿ ಓಬಿಎಂ. ಬೆಳಗಿನ ಜಾವ ಇಂಜಿನ್ ಚಾಲೂ ಮಾಡಲು ಹಗ್ಗ ಎಳೆದು ಎಳೆದು ತೋಳು ಸೋಲುತ್ತಿತ್ತಂತೆ. ಬೇರೆಡೆ ಎರಡು ಸಲ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮುಚ್ಚಳದ ಸಂದಿಯಲ್ಲಿ ಸೋರಿಕೆ ತಡೆಯುವ ಹಾಳೆ) ಬದಲಿಸಿಕೊಂಡು ಬಂದಿದ್ದರು, ಫಲವಿರಲಿಲ್ಲ. ನಾವು ಇಂಜಿನ್‌ನ ಪಕ್ಕದಲ್ಲಿರುವ ಎಕ್ಸಾಸ್ಟ್ ಕವರ್, ಅಂದರೆ ಹೊಗೆದಾರಿಯ ಮುಚ್ಚಳ ಬಿಚ್ಚಿ, ಒಳತಗಡನ್ನು ಬಿಸಿಲಿಗೆ ಹಿಡಿದೆವು. ಸಾಸಿವೆ ಕಾಳು ತೂರುವಷ್ಟು ತೂತಿನಿಂದ ಬೆಳಕು ಬಂತು.

ಹಳೆಯ ಓಬಿಎಂ ಇಟ್ಟುಕೊಂಡ ನಮ್ಮ ಕಾರವಾರ, ಅಂಕೋಲ, ಕುಮಟಾದ ಕಡೆಯ ಅನೇಕರು ಗೋವಾದ ನಮ್ಮ ದುರಸ್ತಿ ಅಂಗಡಿಗೆ ಇದೇ ತೊಂದರೆ ಹೊತ್ತು ಬರುತ್ತಾರೆ. ತೂತು ಮುಚ್ಚುವುದು ಕಷ್ಟವಲ್ಲ. ಆ ತೂತು ಯಾವ ಕಡೆಯಿಂದ ಹುಟ್ಟಿತು, ನೀರಿನ ಕಡೆಯಿಂದಲೋ ಹೊಗೆಯ ಕಡೆಯಿಂದಲೋ ಎಂದು ಗುರುತಿಸುವುದೇ ಕೆಲಸದ ಮುಕ್ಕಾಲು ಪಾಲು. ಅದನ್ನು ನೋಡದೆ ಮುಚ್ಚಿದ ತೂತು ಮುಂದಿನ ಮಳೆಗಾಲದೊಳಗೆ ಮತ್ತೆ ಬಾಯಿ ತೆರೆಯುತ್ತದೆ.

ಮೊದಲು ಇಂಜಿನ್‌ನ ಒಳಗಿನ ದಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಕಾರಿನಲ್ಲಿ ಹೊಗೆ ಹಿಂದಿನ ಕೊಳವೆಯಿಂದ ಗಾಳಿಗೆ ಹೋಗುತ್ತದೆ. ಔಟ್‌ಬೋರ್ಡ್‌ನಲ್ಲಿ ಅದು ಕೆಳಗಿಳಿಯುತ್ತದೆ. ಸಿಲಿಂಡರಿನಿಂದ ಹೊರಟ ಹೊಗೆ ಇಂಜಿನ್‌ನ ಮೈಯಾದ ಬ್ಲಾಕಿನ ಪಕ್ಕದ ಕೋಣೆಗೆ ಬಂದು, ಅಲ್ಲಿಂದ ಮೀನುಗಾರರು ‘ಕಾಲು’ ಎನ್ನುವ ನಡುಭಾಗದೊಳಗೆ ಇಳಿದು, ಹೆಚ್ಚಿನ ಮಾದರಿಗಳಲ್ಲಿ ಪ್ರೊಪೆಲ್ಲರಿನ ನಡುವಿನಿಂದ ನೀರೊಳಗೆ ಬಿಡುಗಡೆಯಾಗುತ್ತದೆ. ಸದ್ದು ಅಡಗುತ್ತದೆ, ದೋಣಿಯಲ್ಲಿ ಕುಳಿತವರ ಮುಖಕ್ಕೆ ಹೊಗೆ ಬಡಿಯುವುದಿಲ್ಲ. ಆದರೆ ಸಿಲಿಂಡರಿನ ಬಾಯಲ್ಲಿ ಆ ಹೊಗೆಯ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಬಿಸಿಯನ್ನು ಅಲ್ಯೂಮಿನಿಯಂ ತಾಳಬೇಕೆಂದರೆ ಅದರ ಬೆನ್ನಿಗೆ ಸದಾ ತಣ್ಣೀರು ಹರಿಯುತ್ತಿರಬೇಕು. ಕಾರಿನ ಹಾಗೆ ಇಲ್ಲಿ ರೇಡಿಯೇಟರ್ ಇಲ್ಲ, ಶುದ್ಧ ನೀರೂ ಇಲ್ಲ. ಪಂಪು ಎಳೆದುಕೊಳ್ಳುವುದು ಕಡಲನ್ನೇ; ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು.

ಹೀಗಾಗಿ ಎಕ್ಸಾಸ್ಟ್ ಕವರಿನ ಒಳತಗಡು ಎಂದರೆ ಬೆಂಕಿಗೂ ಉಪ್ಪುನೀರಿಗೂ ನಡುವೆ ನಿಂತ ತೆಳುಗೋಡೆ. ಅದರಲ್ಲಿ ತೂತು ಬಿದ್ದರೆ, ಓಡುತ್ತಿರುವಾಗ ಹೊಗೆಯ ಒತ್ತಡ ನೀರನ್ನು ಒಂದಿಷ್ಟು ತಡೆದೀತು. ಇಂಜಿನ್ ನಿಂತ ಕೂಡಲೇ ಜಾಕೆಟ್ಟಿನಲ್ಲಿ, ಅಂದರೆ ತಣ್ಣೀರು ಹರಿಯುವ ಪೊಳ್ಳಿನಲ್ಲಿ ಉಳಿದ ನೀರು ಹೊಗೆಕೋಣೆಗೆ ಸೋರಿ, ಬಾಯಿ ತೆರೆದುಕೊಂಡಿರುವ ಸಿಲಿಂಡರಿಗೆ ಇಳಿಯುತ್ತದೆ. ರಾತ್ರಿಯಿಡೀ ಬೇರಿಂಗ್ ಮತ್ತು ರಿಂಗುಗಳ ಮೇಲೆ ಉಪ್ಪುನೀರು ಕೂರುತ್ತದೆ. ಮಾಜಾಳಿಯವರ ಬೆಳಗಿನ ಹಗ್ಗದ ಕಷ್ಟಕ್ಕೆ ಕಾರಣ ಇದೇ. ಹೆಡ್ ಗ್ಯಾಸ್ಕೆಟ್ಟಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಅಲ್ಯೂಮಿನಿಯಂಗೆ ಹಿಡಿಯುವುದನ್ನು ತುಕ್ಕು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತುಕ್ಕು ಕಬ್ಬಿಣದ್ದು, ಕಿಲುಬು ತಾಮ್ರ ಹಿತ್ತಾಳೆಯದ್ದು. ನಮ್ಮ ಮೀನುಗಾರರು ‘ಉಪ್ಪು ತಿಂದಿದೆ’ ಎನ್ನುತ್ತಾರೆ. ಅದೇ ಸರಿಯಾದ ಮಾತು. ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ತನ್ನ ಮೈಮೇಲೆ ಆಕ್ಸೈಡಿನ ಅತಿ ತೆಳುವಾದ ಪೊರೆಯನ್ನು ತಾನೇ ಹೊದ್ದುಕೊಳ್ಳುತ್ತದೆ. ಆ ಪೊರೆ ಇರುವವರೆಗೆ ಅದಕ್ಕೆ ಭಯವಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಚುಚ್ಚಿದ ಜಾಗದಲ್ಲಿ ಸಣ್ಣ ಕುಳಿ ಹುಟ್ಟುತ್ತದೆ, ಕುಳಿಯೊಳಗಿನ ನೀರು ಆಮ್ಲೀಯವಾಗುತ್ತಾ ಹೋಗುತ್ತದೆ, ಆಮ್ಲ ಕುಳಿಯನ್ನು ಇನ್ನಷ್ಟು ಆಳಕ್ಕೆ ಕೊರೆಯುತ್ತದೆ. ಸುತ್ತಲಿನ ಲೋಹ ಗಟ್ಟಿಯಾಗಿಯೇ ಇರುತ್ತದೆ. ನಡುವೆ ಒಂದೇ ಒಂದು ಬಿಲ. ಹೊರಗಿನಿಂದ ಬಡಿದು ನೋಡಿ ‘ಗಟ್ಟಿ ಇದೆ’ ಎಂದುಕೊಂಡ ತಗಡಿನಲ್ಲಿ ತೂತು ಸಿಗುವುದು ಇದರಿಂದಲೇ.

ಇಂಜಿನ್ ನಿಲ್ಲಿಸಿದ ಮೇಲೆ ಇನ್ನೊಂದು ಕೆಲಸ ನಡೆಯುತ್ತದೆ. ಬಿಸಿ ಗೋಡೆಗೆ ಅಂಟಿದ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದಲ್ಲಿ ಬಿಸಿಲು ಮಾಡುವ ಕೆಲಸವನ್ನೇ ಇಲ್ಲಿ ಇಂಜಿನ್‌ನ ಬಿಸಿ ಮಾಡುತ್ತದೆ. ಪ್ರತಿದಿನ ಒಂದೊಂದು ಪದರ. ಆ ಹೆಪ್ಪಿನ ಕೆಳಗೆ ಲೋಹ ಎಂದಿಗೂ ಒಣಗುವುದಿಲ್ಲ.

ಹೊಗೆಯ ಕಡೆಯಿಂದ ಬರುವ ಏಟು ಬೇರೆಯದು. ಇಂಧನ ಉರಿದಾಗ ನೀರಾವಿ, ಇಂಗಾಲದ ಡೈಆಕ್ಸೈಡ್, ಸ್ವಲ್ಪ ಗಂಧಕದ ಮತ್ತು ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ತಣ್ಣನೆಯ ಗೋಡೆ ಸಿಕ್ಕಾಗ ಇವೆಲ್ಲ ಹನಿಗಟ್ಟಿ ತೆಳು ಆಮ್ಲವಾಗುತ್ತವೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಸಿಗುವ ಬಿಎಸ್-6 ಪೆಟ್ರೋಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 10 ಪಾಲು ಮಾತ್ರ. ಸೀಮೆಎಣ್ಣೆಯಲ್ಲಿ ಅದು ಬಹಳ ಹೆಚ್ಚು, ನಮ್ಮ ಕರಾವಳಿಯ ಎಷ್ಟೋ ಓಬಿಎಂಗಳು ಓಡಿರುವುದು ಸೀಮೆಎಣ್ಣೆಯಲ್ಲೇ. ಜತೆಗೆ ಟೂ ಸ್ಟ್ರೋಕಿನ ಎಣ್ಣೆಮಸಿ ಒದ್ದೆ ಬಟ್ಟೆಯ ಪಟ್ಟಿಯಂತೆ ಆ ಆಮ್ಲವನ್ನು ಲೋಹಕ್ಕೆ ಒತ್ತಿ ಹಿಡಿಯುತ್ತದೆ.

ಇನ್ನು ಎರಡು ಲೋಹಗಳ ಜಗಳ. ಅಲ್ಯೂಮಿನಿಯಂ ಮೈಗೆ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟ್ ತಿರುಗಿಸಿ ಉಪ್ಪುನೀರು ಸುರಿದರೆ ಅದೊಂದು ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಹೀಗೆ ಕರಗಿದ ಲೋಹ ಬಿಳಿಪುಡಿಯಾಗಿ ಮೂಲಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಬೋಲ್ಟಿನ ಸುತ್ತ ಅದು ಉಬ್ಬಿ, ಸಿಮೆಂಟು ಹಾಕಿದಂತೆ ಬಿಗಿಯುತ್ತದೆ. ಕವರಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ಸುಣ್ಣದಂಥ ಪುಡಿ ಉದುರಿದರೆ, ಒಳಗೆ ಇದು ಶುರುವಾಗಿ ಬಹಳ ದಿನವಾಗಿದೆ ಎಂದು ತಿಳಿಯಬೇಕು.

ಈಗ ತೂತನ್ನು ಓದುವ ಬಗೆ. ಕುಳಿ ಸಾಮಾನ್ಯವಾಗಿ ಹುಟ್ಟಿದ ಕಡೆ ಅಗಲವಾಗಿಯೂ ತಲುಪಿದ ಕಡೆ ಕಿರಿದಾಗಿಯೂ ಇರುತ್ತದೆ. ಮಾಜಾಳಿಯವರ ತಗಡಿನಲ್ಲಿ ನೀರಿನ ಕಡೆ ಕಡಲೆಕಾಳಿನಷ್ಟು ಅಗಲದ, ಬಿಳಿ ಹೆಪ್ಪು ತುಂಬಿದ ಗುಂಡಿ. ಹೊಗೆಯ ಕಡೆ ಸಾಸಿವೆಯಷ್ಟು ಬಾಯಿ. ಅಂದರೆ ತಿಂದದ್ದು ನೀರು. ಬೇರೆ ಕಡೆ ಲೋಹ ದಪ್ಪವಾಗಿಯೇ ಉಳಿದಿತ್ತು, ಆದ್ದರಿಂದ ದುರಸ್ತಿಗೆ ಅರ್ಥವಿತ್ತು. ಹೊಗೆಯ ಕಡೆಯಿಂದ ತಿಂದ ತಗಡು ಹೀಗಿರುವುದಿಲ್ಲ. ಅಲ್ಲಿ ಒಂದು ಬಿಲವಲ್ಲ, ಇಡೀ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ, ಕೆರೆದರೆ ಪದರ ಪದರವಾಗಿ ಏಳುತ್ತದೆ. ತಗಡು ಎಲ್ಲೆಡೆ ತೆಳುವಾಗಿರುತ್ತದೆ. ಅಂಥದ್ದರ ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಬೀಳುತ್ತದೆ. ಅಲ್ಲಿ ಬೇರೆ ಕವರನ್ನೇ ಹುಡುಕಬೇಕು. ಮೂರನೆಯದೂ ಇದೆ: ಅಂಚಿನಲ್ಲಿ, ಗ್ಯಾಸ್ಕೆಟ್ ಕೂರುವ ಪಟ್ಟಿಯಲ್ಲಿ ಕಾಲುವೆಯಂತೆ ಕೊರೆದಿರುತ್ತದೆ. ಅದು ಗ್ಯಾಸ್ಕೆಟ್ ಸೋತು ಉಪ್ಪುನೀರು ಸಂದಿಯಲ್ಲಿ ನಿಂತಿದ್ದರ ಗುರುತು.

ಕಣ್ಣಿಗೆ ಕಾಣದ ಸೂಜಿತೂತುಗಳಿಗೆ ಒಂದು ಹಳೆಯ ಪರೀಕ್ಷೆಯಿದೆ. ತಗಡನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಂದು ಬದಿಗೆ ಶಾಲೆಯ ಸೀಮೆಸುಣ್ಣವನ್ನು ನೀರಲ್ಲಿ ಕದಡಿ ಬಳಿಯಬೇಕು. ಅದು ಒಣಗಿದ ಮೇಲೆ ಇನ್ನೊಂದು ಬದಿಗೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಬೇಕು. ನೀರು ನುಗ್ಗಲಾರದ ಸಂದಿಯಲ್ಲೂ ಸೀಮೆಎಣ್ಣೆ ನುಗ್ಗುತ್ತದೆ. ಬಿಳಿ ಸುಣ್ಣದ ಮೇಲೆ ಒದ್ದೆ ಚುಕ್ಕೆ ಮೂಡುತ್ತದೆ. ಈ ತಗಡಿನಲ್ಲಿ ದೊಡ್ಡ ತೂತಿನ ಜತೆ ಇನ್ನೆರಡು ಚುಕ್ಕೆಗಳು ಮೂಡಿದವು.

ಆದರೆ ತಗಡು ಕೈಗೆ ಬರಬೇಕಾದರೆ ಮೊದಲು ಬೋಲ್ಟುಗಳು ಬಿಚ್ಚಬೇಕು. ಹಳೆಯ ಇಂಜಿನ್‌ಗಳನ್ನು ಕೆಡಿಸುವುದು ಉಪ್ಪಿಗಿಂತ ಹೆಚ್ಚಾಗಿ ಈ ಹಂತದ ಅವಸರ. 6 ಮಿಲಿಮೀಟರ್ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ತೂಗಿದರೆ ತಲೆ ಕೈಗೆ ಬರುತ್ತದೆ, ಮೈ ಬ್ಲಾಕಿನಲ್ಲೇ ಉಳಿಯುತ್ತದೆ. ಜಂಗೆಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಬೋಲ್ಟಿನ ತಲೆಗೆ ನೇರವಾಗಿ ಸುತ್ತಿಗೆಯಿಂದ ನಾಲ್ಕು ಚಿಕ್ಕ ಏಟು ಕೊಟ್ಟರೆ ಬಿಳಿಪುಡಿ ಒಡೆಯುತ್ತದೆ. ಆಮೇಲೆ ಬಿಸಿ. ಇಂಧನದ ಟ್ಯಾಂಕು, ಕೊಳವೆ, ಕಾರ್ಬೊರೇಟರನ್ನು ದೂರವಿಟ್ಟು, ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಕಾಯಿಸಬೇಕು, ಬೋಲ್ಟನ್ನಲ್ಲ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೇನ್‌ಲೆಸ್ಸಿಗಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಎಷ್ಟು ಕಾಯಿಸಬೇಕು? ದೋಸೆಹೆಂಚಿಗೆ ನೀರು ಚಿಮುಕಿಸಿ ನೋಡುವ ಹಾಗೆ ನೋಡಿ. ಹನಿ ಚುಯ್ಯೆಂದು ಸಿಡಿದರೆ ಸಾಕು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಸುವುದಿಲ್ಲ. ಸದ್ದಿಲ್ಲದೆ ಕುಸಿದುಬಿಡುತ್ತದೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ತಿರುಗಿಸಿ, ಆಮೇಲೆ ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿ. ಒಂದು ಬೋಲ್ಟಿಗೆ ಅರ್ಧ ಗಂಟೆ ಹಿಡಿದರೂ ಅದು ಲಾಭವೇ.

ನಮ್ಮ ಕೈಯಲ್ಲೂ ಒಂದು ಮುರಿಯಿತು. ಗಟ್ಟಿ ಸ್ಟೀಲಿಗೆ ಡ್ರಿಲ್ ಇಟ್ಟರೆ ಅದು ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಂಗೆ ಇಳಿಯುತ್ತದೆ. ಅದಕ್ಕೆ ಕವರನ್ನೇ ಮತ್ತೆ ಎರಡು ಬೋಲ್ಟಿನಿಂದ ಕೂರಿಸಿ, ಅದರ ತೂತಿನಲ್ಲಿ ಒಂದು ಪುಟ್ಟ ಉಕ್ಕಿನ ಬುಷ್ ಇಟ್ಟು, ಆ ಬುಷ್ಷಿನ ನಡುವಿನಿಂದ ಸಣ್ಣ ಡ್ರಿಲ್ ಇಳಿಸಿದೆವು. ನಟ್ಟನಡುವೆ ಇಳಿಯಿತು. ಹಂತ ಹಂತವಾಗಿ ದೊಡ್ಡದು ಮಾಡಿ, ಕೊನೆಗೆ 6.3 ಮಿಲಿಮೀಟರ್ ಡ್ರಿಲ್ ಹಾಕಿ, ಹೊಸ ಮರೆ (ತಿರುಪಿನ ಸುತ್ತುಗೆರೆ) ಕೊರೆದು, ತಂತಿಸುರುಳಿಯ ಹೆಲಿಕಾಯಿಲ್ ಕೂರಿಸಿದೆವು. ಸರಿಯಾಗಿ ಕೂತ ಹೆಲಿಕಾಯಿಲ್ ಮೂಲ ಮರೆಗಿಂತ ಗಟ್ಟಿ.

ತೂತು ಮುಚ್ಚುವ ಮಾತಿಗೆ ಬಂದರೆ, ಮೊದಲು ಬಿಳಿ ಹೆಪ್ಪನ್ನೆಲ್ಲ ಕೆರೆದು, ಬಿಸಿನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿ, ಹೊಳೆಯುವ ಲೋಹ ಕಾಣುವವರೆಗೆ ಕುಳಿಯನ್ನು ಬಿಡಿಸಬೇಕು. ಸಾಸಿವೆಯಷ್ಟಿದ್ದ ತೂತು ಬಟಾಣಿಯಷ್ಟಾಗುತ್ತದೆ, ಆಗಲಿ. ಹೊಗೆ ಮತ್ತು ನೀರನ್ನು ಬೇರ್ಪಡಿಸುವ ಗೋಡೆಯಲ್ಲಿ ಆರುಪಾರು ತೂತಿದ್ದರೆ ನನ್ನ ಮಟ್ಟಿಗೆ ವೆಲ್ಡಿಂಗ್ ಒಂದೇ ದಾರಿ. ಆರ್ಗಾನ್ ಅನಿಲದ ಟಿಗ್, ಎಸಿ ವಿದ್ಯುತ್, ಸುಮಾರು 5 ಶೇಕಡಾ ಸಿಲಿಕಾನ್ ಇರುವ 4043 ಕಡ್ಡಿ. ವಾಸ್ಕೋ ಸುತ್ತಮುತ್ತ ಹಡಗು ಕಟ್ಟುವ ಮತ್ತು ದುರಸ್ತಿಯ ಕೆಲಸ ಇರುವುದರಿಂದ ಈ ಕೈ ಪಳಗಿದವರು ಸಿಗುತ್ತಾರೆ. ಇಪ್ಪತ್ತು ವರ್ಷ ಎಣ್ಣೆ, ಉಪ್ಪು ಕುಡಿದ ಎರಕ ಮೊದಲ ಸಲಕ್ಕೆ ಒಪ್ಪುವುದಿಲ್ಲ. ಕಪ್ಪು ಕಲ್ಮಷ ನೊರೆಯಾಗಿ ಮೇಲೆದ್ದು ಬರುತ್ತದೆ. ಅದನ್ನು ಉಜ್ಜಿ ತೆಗೆದು ಮತ್ತೆ ಹೊಡೆಯಬೇಕು, ಮೂರು ಸಲವಾದರೂ ಸರಿ. ಎಣ್ಣೆ ತೆಗೆಯಲು ಅಸಿಟೋನ್ ಬಳಸಿ, ಅದು ಪೂರ್ತಿ ಆರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಆ ತಗಡಿನ ಹತ್ತಿರಕ್ಕೂ ತರಬೇಡಿ. ಟಿಗ್‌ನ ಕಿಡಿಯ ಬಿಸಿಗೆ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ, ಅದು ಜೀವ ತೆಗೆಯುವಂಥದ್ದು.

ಎಪಾಕ್ಸಿ ಮೇಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಯೂಮಿನಿಯಂ ಪುಡಿ ಬೆರೆತ ಒಳ್ಳೆಯ ಎಪಾಕ್ಸಿಗೆ ಅದರದೇ ಜಾಗವಿದೆ: ನೀರಿನ ಕಡೆಯ, ಆರುಪಾರು ಹೋಗದ ಕುಳಿಗಳು, ಗ್ಯಾಸ್ಕೆಟ್ ಪಟ್ಟಿಯ ಸಣ್ಣ ಗೀರುಗಳು. ಅಲ್ಲಿ ಸದಾ ತಣ್ಣೀರಿರುತ್ತದೆ. ಹೊಗೆಯ ಕಡೆಗೆ ಹಚ್ಚಿದರೆ ಅದು ಸುಟ್ಟು ಸೀದು ಉದುರುತ್ತದೆ. ಇಲ್ಲಿಯೇ ‘ಯಾವ ಕಡೆ’ ಎಂಬ ಪ್ರಶ್ನೆ ಹಣ ಉಳಿಸುವುದು. ಗ್ಯಾಸ್ ಟಾರ್ಚಿನಲ್ಲೇ ಕರಗುವ ಸತುವಿನ ಬೆಸುಗೆ ಕಡ್ಡಿಗಳನ್ನಂತೂ ನಾನು ಉಪ್ಪುನೀರಿನ ಕೆಲಸಕ್ಕೆ ಮುಟ್ಟುವುದಿಲ್ಲ. ಬೆಸುಗೆ ಚೆನ್ನಾಗಿಯೇ ಕೂರುತ್ತದೆ. ಆದರೆ ಉಪ್ಪುನೀರಿನಲ್ಲಿ ಸತುವು ಅಲ್ಯೂಮಿನಿಯಂಗಿಂತ ಮೊದಲು ಕರಗುತ್ತದೆ, ಹಾಕಿದ ತೇಪೆಯೇ ಮೊದಲು ಮಾಯವಾಗುತ್ತದೆ.

ವೆಲ್ಡ್ ಆದ ತಗಡು ಸೊಟ್ಟಗಾಗುವುದು ಖಚಿತ. ದಪ್ಪ ಗಾಜಿನ ಮೇಲೆ 220 ನಂಬರಿನ ನೀರುಕಾಗದ ಹಾಸಿ, ಎಂಟರ ಆಕಾರದಲ್ಲಿ ಕೈಯಾಡಿಸುತ್ತಾ ಉಜ್ಜಬೇಕು, ಕೊನೆಗೆ 400ರಲ್ಲಿ. ಪಟ್ಟಿಯ ಸುತ್ತಲೂ ಒಂದೇ ಬಣ್ಣದ ಮಂಕು ಬಂದಾಗ ಸಮವಾಯಿತೆಂದು ಲೆಕ್ಕ. ಗಾಜಿನ ಮೇಲಿಟ್ಟರೆ 0.1 ಮಿಲಿಮೀಟರ್ ಫೀಲರ್ (ಸಂದಿ ಅಳೆಯುವ ತೆಳುತಗಡು) ಎಲ್ಲೂ ತೂರಬಾರದು. ಬ್ಲಾಕಿನ ಮುಖವೇ ಕೊರೆದುಹೋಗಿದ್ದರೆ ವಿಷಯ ಗಂಭೀರ. ಬ್ಲಾಕಿಗೆ ವೆಲ್ಡ್ ಹೊಡೆದರೆ ಸಿಲಿಂಡರಿನ ದುಂಡುತನ ಕೆಡುತ್ತದೆ. ಸಣ್ಣ ಕುಳಿಗೆ ಎಪಾಕ್ಸಿ, ದೊಡ್ಡದಕ್ಕೆ ಬೇರೆ ಬ್ಲಾಕು. ಮಾಲೀಕರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಬಿಲ್ ಮಾಡುವ ಮೊದಲೇ ಹೇಳಿಬಿಡಬೇಕು.

ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಕಂಪನಿ ಮಾದರಿಯದ್ದನ್ನೇ. ಕಾರಿನ ಅಂಗಡಿಯಲ್ಲಿ ಸಿಗುವ ಗ್ರಾಫೈಟ್ ಹಾಳೆ ಕತ್ತರಿಸಿ ಮಾಡಿದ್ದು ಬೇಡ. ಉಪ್ಪುನೀರಿನಲ್ಲಿ ಗ್ರಾಫೈಟ್ ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ಸಿಗಿಂತಲೂ ಕೆಟ್ಟ ಜತೆಗಾರ. ಅದೇ ಕಾರಣಕ್ಕೆ ಬೋಲ್ಟಿಗೆ ತಾಮ್ರದ ಪುಡಿಯ ಗ್ರೀಸೂ ಬೇಡ, ನೀರು ತಡೆಯುವ ಮರೈನ್ ಗ್ರೀಸ್ ಸಾಕು. ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಕೈಪಿಡಿಯಲ್ಲಿ ಹೇಳಿದ ಬಿಗಿಗೆ. 6 ಮಿಲಿಮೀಟರ್ ಬೋಲ್ಟಿಗೆ ಅದು ಸಾಮಾನ್ಯವಾಗಿ 8 ನ್ಯೂಟನ್ ಮೀಟರ್ ಸುತ್ತಮುತ್ತ ಇರುತ್ತದೆ.

ಕೆಲವರ ಇಂಜಿನ್‌ನಲ್ಲಿ ನೀರು ಸೋರುವುದಿಲ್ಲ, ಹೊಗೆ ಸೋರುತ್ತದೆ. ಕಾಲಿನೊಳಗಿನ ಕೊಳವೆ ತೂತಾಗಿ ಹೊಗೆ ಮೇಲಿನ ಮುಚ್ಚಳದೊಳಗೆ ತುಂಬಿಕೊಂಡು, ಇಂಜಿನ್ ತನ್ನದೇ ಹೊಗೆಯನ್ನು ಉಸಿರಾಡುತ್ತದೆ. ನಿಧಾನಗತಿಯಲ್ಲಿ ಉಬ್ಬಸಪಟ್ಟು ನಿಲ್ಲುತ್ತದೆ, ಮುಚ್ಚಳ ತೆಗೆದರೆ ಸರಿಯಾಗಿ ಓಡುತ್ತದೆ. ಮುಚ್ಚಳದ ಒಳಮೈಯಲ್ಲಿ ಮಸಿ ಕಂಡರೆ ಕಾರ್ಬೊರೇಟರ್ ಬಿಚ್ಚುವ ಮೊದಲು ಅಲ್ಲಿ ನೋಡಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಓಬಿಎಂಗೆ ಅಕ್ಷರಶಃ ಸಲ್ಲುತ್ತದೆ. ದಡಕ್ಕೆ ಬಂದ ಮೇಲೆ ಡ್ರಮ್ಮಿನಲ್ಲಿ ಬಾವಿನೀರು ತುಂಬಿ, ಕಾಲು ಮುಳುಗಿಸಿ, ಹತ್ತು ಹದಿನೈದು ನಿಮಿಷ ಓಡಿಸಬೇಕು. ಎರಡು ನಿಮಿಷಕ್ಕೆ ನಿಲ್ಲಿಸಿದರೆ ಪ್ರಯೋಜನ ಕಡಿಮೆ: ಥರ್ಮೋಸ್ಟಾಟ್ ತೆರೆಯುವಷ್ಟು, ಅಂದರೆ ಟೂ ಸ್ಟ್ರೋಕಿನಲ್ಲಿ ಸುಮಾರು 50 ಡಿಗ್ರಿ, ಬಿಸಿಯಾಗದಿದ್ದರೆ ಸಿಹಿನೀರು ಬ್ಲಾಕಿನ ಒಳಗೆ ಸರಿಯಾಗಿ ಸುತ್ತುವುದೇ ಇಲ್ಲ. ಹಾಗೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ದಯವಿಟ್ಟು ಹಾಗೆ ಮಾಡಬೇಡಿ. ಸದಾ ತಣ್ಣಗೆ ಓಡುವ ಇಂಜಿನ್‌ನ ಹೊಗೆಗೋಡೆಯ ಮೇಲೆ ಆಮ್ಲ ಹನಿಗಟ್ಟುತ್ತಲೇ ಇರುತ್ತದೆ. ತೊಳೆದ ಮೇಲೆ ಕಾಲನ್ನು ನೆಟ್ಟಗೆ ಇಳಿಬಿಟ್ಟು ನೀರೆಲ್ಲ ಬಸಿಯಲು ಬಿಡಿ, ಆಮೇಲೆ ಮೇಲೆತ್ತಿ.

ಅನೋಡ್ ಎಂಬ ಸತುವಿನ ತುಂಡು ಇಂಜಿನ್‌ನ ಬದಲು ತಾನು ಕರಗುವ ಬಲಿಲೋಹ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಉಳಿಸಲು ಇದೇ ಉಪಾಯ ಹೇಳಿದ್ದರು. ತಾಮ್ರ ಉಳಿಯಿತು, ಆದರೆ ತಾಮ್ರ ಕರಗದಿದ್ದರಿಂದ ಅದರ ಮೇಲೆ ಕಡಲಚಿಪ್ಪುಗಳು ಬೆಳೆದು ಹಡಗುಗಳು ನಿಧಾನವಾದವು. ಅಲ್ಯೂಮಿನಿಯಂಗೆ ಆ ತೊಡಕಿಲ್ಲ. ಆದರೆ ಗೋವಾದ ನದಿಮುಖಗಳಲ್ಲಿ ಬೇರೆ ತೊಡಕಿದೆ. ಮಳೆಗಾಲದಲ್ಲಿ ಸಾಳ್, ಜುವಾರಿ, ಮಾಂಡವಿಯಲ್ಲಿ ಸಿಹಿನೀರು ತುಂಬುತ್ತದೆ. ಸಿಹಿನೀರಿನಲ್ಲಿ ನಿಂತ ಸತುವಿನ ಮೇಲೆ ಗಟ್ಟಿ ಪೊರೆ ಕಟ್ಟಿ, ಮತ್ತೆ ಉಪ್ಪುನೀರು ಬಂದಾಗಲೂ ಅದು ಕೆಲಸ ಮಾಡುವುದಿಲ್ಲ. ‘ಅನೋಡ್ ಸವೆದೇ ಇಲ್ಲ’ ಎಂದು ಸಂತೋಷಪಡುವವರ ಇಂಜಿನ್‌ಗಳೇ ಒಳಗೆ ಸವೆಯುತ್ತಿರುತ್ತವೆ. ಇಲ್ಲಿಗೆ ಇಂಡಿಯಂ ಬೆರೆತ ಅಲ್ಯೂಮಿನಿಯಂ ಅನೋಡ್ ಮೇಲು. ಕಾಲಿನ ಹೊರಗೆ ಕಾಣುವ ಅನೋಡ್ ಹೊರಮೈಯನ್ನಷ್ಟೇ ಕಾಯುತ್ತದೆ ಎಂಬುದನ್ನೂ ನೆನಪಿಡಿ. ಎಷ್ಟೋ ಮಾದರಿಗಳಲ್ಲಿ ನೀರಿನ ಜಾಕೆಟ್ಟಿನೊಳಗೆ ಚಿಕ್ಕ ಅನೋಡುಗಳಿರುತ್ತವೆ. ಇಂಜಿನ್ ಕೊಂಡಾಗಿನಿಂದ ಅವನ್ನು ತೆಗೆದು ನೋಡದವರೇ ಹೆಚ್ಚು. ಹೊಗೆಯ ಕಡೆಗಂತೂ ಯಾವ ಅನೋಡೂ ನೆರವಾಗದು, ಅಲ್ಲಿ ನೀರೇ ನಿಂತಿರುವುದಿಲ್ಲವಲ್ಲ.

ಮಾಜಾಳಿಯವರ ಇಂಜಿನ್‌ನ ಒಳ ಅನೋಡ್ ಬಿಚ್ಚಿದಾಗ ಅದರ ಜಾಗದಲ್ಲಿ ಬೋಲ್ಟೊಂದೇ ಉಳಿದಿತ್ತು. ಹೊಸದು ಹಾಕಿ, ಮಲ್ಟಿಮೀಟರಿನಿಂದ ಅನೋಡಿಗೂ ಬ್ಲಾಕಿಗೂ ಸಂಪರ್ಕವಿದೆಯೇ ನೋಡಿ, ಹೊರ ಅನೋಡಿಗೆ ಬಣ್ಣ ತಾಗದಂತೆ ಕಾಗದ ಅಂಟಿಸಿ ಕಾಲಿಗೆ ಪ್ರೈಮರ್ ಬಳಿದೆವು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯಲು ಇನ್ನು ನಾಲ್ಕು ದಿನವಿತ್ತು. ಮೂರು ದಿನ ಬೆಳಿಗ್ಗೆ ಸಂಜೆ ಡ್ರಮ್ಮಿನಲ್ಲಿ ಓಡಿಸಿ, ರಾತ್ರಿ ಹಾಗೆಯೇ ಬಿಟ್ಟು, ನಾಲ್ಕನೆಯ ಬೆಳಿಗ್ಗೆ ಅವರೇ ಹಗ್ಗ ಎಳೆದರು. ಎರಡನೆಯ ಎಳೆತಕ್ಕೆ ಹಿಡಿಯಿತು. ನಿಲ್ಲಿಸಿ ಕೆಳಗಿನ ಪ್ಲಗ್ ಬಿಚ್ಚಿ ಅವರ ಅಂಗೈಯಲ್ಲಿಟ್ಟೆ. ಅದರ ತುದಿ ಎಣ್ಣೆಯಿಂದ ಕಪ್ಪಗಿತ್ತು. ಅವರು ಹೆಬ್ಬೆರಳಿನಿಂದ ಆ ಮಸಿಯನ್ನು ಒರೆಸಿ ನೋಡಿ, ಪ್ಲಗ್ಗನ್ನು ತಾವೇ ತಿರುಗಿಸಿ ಕೂರಿಸಿದರು.